ಮಾವಿನ ಕೊಂಬೆ, ಹೆಬ್ಬೇವು ಮತ್ತು ಕಾರ್ಬನ್ ಹಣ: ಇಪ್ಪತ್ತು ವರ್ಷದ ಒಪ್ಪಂದಕ್ಕೆ ಸಹಿ ಹಾಕಬಹುದೇ?

ಪ್ರಶ್ನೆ – ಶ್ರೀನಿವಾಸಪುರದ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ನಮಗೆ ಆರು ಎಕರೆ ಮಾವಿನ ತೋಪಿದೆ. ಬದುವಿನುದ್ದಕ್ಕೂ ಹೆಬ್ಬೇವು ಇದೆ. ಚಾಟನಿ ಮಾಡಿದ ಕೊಂಬೆಗಳನ್ನು ಇದುವರೆಗೆ ಇಟ್ಟಿಗೆ ಗೂಡಿನವರಿಗೆ ಕೊಡುತ್ತಿದ್ದೆವು. ಕಳೆದ ತಿಂಗಳು ಒಂದು ಸಂಸ್ಥೆಯವರು ಬಂದು, ಕೊಂಬೆಗಳನ್ನು ಬಯೋಚಾರ್ (ಕಡಿಮೆ ಗಾಳಿಯಲ್ಲಿ ಸುಟ್ಟು ಮಾಡುವ ಇದ್ದಿಲು) ಮಾಡಿ ಮಣ್ಣಿಗೆ ಸೇರಿಸಿ, ಹೆಬ್ಬೇವನ್ನು ಕಡಿಯದೆ ಉಳಿಸಿಕೊಂಡರೆ ವಿದೇಶಿ ಕಂಪನಿಗಳಿಂದ ಹಣ ಬರುತ್ತದೆ, ಅದಕ್ಕೆ ಪಹಣಿಯ ಪ್ರತಿಯೊಂದಿಗೆ ಇಪ್ಪತ್ತು ವರ್ಷದ ಒಪ್ಪಂದವಾಗಬೇಕು ಎಂದರು. ಇದು ಸರ್ಕಾರದ ಯೋಜನೆಯೇ ಎಂದು ಕೇಳಿದರೆ ನೇರ ಉತ್ತರ ಸಿಗಲಿಲ್ಲ. ತಿಳಿದವರು ವಿವರಿಸಬೇಕಾಗಿ ವಿನಂತಿ.

ಉತ್ತರ – ಚಿಂತಾಮಣಿಯ ನಿವೃತ್ತ ಉಪನ್ಯಾಸಕ

ನೀವು ಬರೆದಿರುವುದನ್ನು ನೋಡಿದರೆ ಇದು ಖಾಸಗಿ ವ್ಯವಹಾರ. ಇಂಧನ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, 2023ರ ಜೂನ್‌ನಲ್ಲಿ ಕೇಂದ್ರವು ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆಯ ಅಧಿಸೂಚನೆ ಹೊರಡಿಸಿತು. ಒಂದು ಟನ್ ಇಂಗಾಲದ ಡೈಆಕ್ಸೈಡನ್ನು ತಡೆದದ್ದಕ್ಕೆ ಅಥವಾ ಹೀರಿದ್ದಕ್ಕೆ ಸಿಗುವ, ಮಾರಬಹುದಾದ ಪತ್ರವೇ ಕ್ರೆಡಿಟ್. ಅದೇ ವರ್ಷದ ಡಿಸೆಂಬರ್‌ನಲ್ಲಿ ಸ್ವಇಚ್ಛೆಯಿಂದ ಬರುವವರಿಗೂ ಬಾಗಿಲು ತೆರೆಯಿತು. ಆದರೆ 2025ರ ಮಾರ್ಚ್‌ನಲ್ಲಿ ಕ್ರೆಡಿಟ್ ಪಡೆಯಲು ಒಪ್ಪಿಗೆ ಸಿಕ್ಕ ಮೊದಲ ವಿಧಾನಗಳಲ್ಲಿ ಗಿಡ ಬೆಳೆಸುವುದಕ್ಕೆ ಸಂಬಂಧಿಸಿದ್ದು ಕಾಂಡ್ಲಾ ಕಾಡು, ಅಂದರೆ ಕರಾವಳಿಯ ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್. ಕೆರೆಯಲ್ಲೇ ನೀರು ನಿಲ್ಲದ ನಮ್ಮ ಸೀಮೆಗೆ ಅದು ಎಲ್ಲಿಂದ ಬರಬೇಕು! ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯು ಬದುಕುಳಿದ ಪ್ರತಿ ಸಸಿಗೆ ಮೂರು ವರ್ಷಗಳಲ್ಲಿ 35, 40, 50 ರೂಪಾಯಿಯಂತೆ ಒಟ್ಟು 125 ರೂಪಾಯಿ ಕೊಡುತ್ತದೆ. ಅದು ಗಿಡಕ್ಕೆ ಸಿಗುವ ಹಣ. ಗಾಳಿಯಿಂದ ಹೀರಿದ ಇಂಗಾಲಕ್ಕಲ್ಲ.

ಟನ್ ಲೆಕ್ಕದಲ್ಲಿ ಹಣ ಕೊಡುವ ಕಡೆ, ಇಂಗಾಲ ಎಷ್ಟು ಕಾಲ ಹಿಡಿದಿಟ್ಟಂತೆ ಉಳಿಯುತ್ತದೆ ಎಂಬುದೇ ಬೆಲೆಯನ್ನು ನಿರ್ಧರಿಸುತ್ತದೆ. ಉದಾಹರಣೆಗೆ, ಗಾಳಿಯಿಂದ ಯಂತ್ರಗಳ ಮೂಲಕ ನೇರವಾಗಿ ಹೀರಿ ನೆಲದಾಳದಲ್ಲಿ ಹುದುಗಿಸಿದ ಇಂಗಾಲದ ಡೈಆಕ್ಸೈಡಿಗೆ ಅಮೆರಿಕದ 2022ರ ಕಾನೂನು ಟನ್ನಿಗೆ 180 ಡಾಲರ್‌ವರೆಗೆ ತೆರಿಗೆ ರಿಯಾಯಿತಿ ನೀಡಿದೆ. ಐರೋಪ್ಯ ಒಕ್ಕೂಟದ 2024ರ ಪ್ರಮಾಣೀಕರಣ ನಿಯಮವು ಹಲವು ಶತಮಾನ ಉಳಿಯುವುದನ್ನು ಶಾಶ್ವತ ಎಂದೂ, ಕನಿಷ್ಠ ಐದು ವರ್ಷ ಉಳಿಯುವುದನ್ನು ಇಂಗಾಲ ಕೃಷಿ ಎಂದೂ ಬೇರ್ಪಡಿಸಿದೆ. ಮಣ್ಣಿಗೆ ಸೇರಿದ ಬಯೋಚಾರ್ ಸುಲಭವಾಗಿ ಕೊಳೆಯದು. ನಿಂತ ಮರವನ್ನು ಒಂದು ಬೆಂಕಿ ಅಥವಾ ಒಂದು ಕೊಡಲಿ ಮುಗಿಸಬಹುದು. ಆದ್ದರಿಂದ ಎರಡನ್ನೂ ಒಂದೇ ಒಪ್ಪಂದದಲ್ಲಿ ಸೇರಿಸಲು ಬಿಡಬೇಡಿ.

ಉತ್ತರ – ಬಾಗೇಪಲ್ಲಿಯ ರೈತ

ಸರ್ ಹೇಳಿದ್ದು ಸರಿ. ನಾನು ನಾಲ್ಕು ವರ್ಷದ ಹಿಂದೆ ಇಂಥದೇ ಒಪ್ಪಂದಕ್ಕೆ ಸಹಿ ಹಾಕಿದೆ. ಎರಡನೆಯ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಅರ್ಧಕ್ಕರ್ಧ ಗಿಡ ಒಣಗಿದವು. ಹಣ ಬರಲಿಲ್ಲ, ಉಳಿದವನ್ನು ಕಡಿಯಲು ಇಂದಿಗೂ ಅವರ ಒಪ್ಪಿಗೆ ಬೇಕು. ಗಿಡ ಸತ್ತರೆ ನಷ್ಟ ಯಾರದು, ಅಳತೆಯ ಖರ್ಚು ಯಾರ ಪಾಲಿನಿಂದ ಕಳೆಯುತ್ತಾರೆ, ಕ್ರೆಡಿಟ್ ಯಾರ ಹೆಸರಿನಲ್ಲಿ ನೋಂದಣಿಯಾಗುತ್ತದೆ ಎಂಬುದನ್ನು ಕನ್ನಡದಲ್ಲೇ ಬರೆಸಿಕೊಳ್ಳಿ ಅಣ್ಣ. ಅಲ್ಲದೆ ಆರೆಂಟು ವರ್ಷಕ್ಕೆ ಪ್ಲೈವುಡ್‌ಗೆ ಕೊಡುವ ಹೆಬ್ಬೇವನ್ನು ಇಪ್ಪತ್ತು ವರ್ಷ ಕಟ್ಟಿಹಾಕುವುದು ಯಾರ ಲಾಭಕ್ಕೆ?

ಉತ್ತರ – ಮಾಲೂರಿನಿಂದ

ಲೆಕ್ಕವನ್ನೂ ಒಮ್ಮೆ ಮಾಡಿ ನೋಡಿ. ಒಂದು ಟನ್ ಬಯೋಚಾರ್‌ನಲ್ಲಿ ಮುಕ್ಕಾಲು ಪಾಲು ಇಂಗಾಲವಿದ್ದರೆ, ಅದನ್ನು 44/12ರಿಂದ (ಇಂಗಾಲದ ಡೈಆಕ್ಸೈಡ್ ಮತ್ತು ಇಂಗಾಲದ ತೂಕಗಳ ಅನುಪಾತ) ಗುಣಿಸಿದಾಗ 2.75 ಟನ್ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಸುಡುವಾಗ ಹೊರಬೀಳುವ ಮೀಥೇನ್ ಮತ್ತು ಸಾಗಣೆಯ ಡೀಸೆಲ್ ಅದರಲ್ಲಿ ಕಳೆಯಬೇಕು. ಒಂದು ಟನ್ ಬಯೋಚಾರ್‌ಗೆ ನಾಲ್ಕೈದು ಟನ್ ಒಣಗಿದ ಕೊಂಬೆ ಬೇಕಾಗುತ್ತದೆ. ನಿಮ್ಮ ತೋಪಿನಿಂದ ವರ್ಷಕ್ಕೆ ಎಷ್ಟು ಸಿಗುತ್ತದೆ?

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಇದುವರೆಗೆ ತೂಕ ಹಾಕಿಸಿಲ್ಲ. ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲೇ ಮಾರಿದ್ದೇವೆ. ಈ ಬಾರಿ ತೂಕ ಹಾಕಿಸಿ, ಬಯೋಚಾರ್‌ಗೆ ಮಾತ್ರ ಮೂರು ವರ್ಷದ ಒಪ್ಪಂದ ಸಾಧ್ಯವೇ ಎಂದು ಅವರನ್ನು ಲಿಖಿತವಾಗಿ ಕೇಳುತ್ತೇನೆ.