ಸೆನ್ಸರ್ ಪ್ಲಗ್ ಕೀಳಬೇಡಿ

ತೀರ್ಥಹಳ್ಳಿ ಚಿಕ್ಕಪ್ಪ: (ಫಾರ್ವರ್ಡ್) "ಗಾಡಿ ಜರ್ಕ್ ಹೊಡೆಯುತ್ತಿದೆಯಾ? ಥ್ರಾಟಲ್ ಸೆನ್ಸರ್ ಪ್ಲಗ್ ಕಿತ್ತು ಓಡಿಸಿ. ಖರ್ಚಿಲ್ಲದೆ ಸರಿಹೋಗುತ್ತದೆ."

ತೀರ್ಥಹಳ್ಳಿ ಚಿಕ್ಕಪ್ಪ: ಇದು ನಿಜ. ನಿನ್ನೆ ಆಗುಂಬೆ ಘಾಟಿ ಹತ್ತುವಾಗ ತಿರುವು ತಿರುವಿಗೂ ಜರ್ಕ್ ಹೊಡೆಯಿತು. ಪ್ಲಗ್ ಕಿತ್ತೆ, ನಿಂತಿತು.

ಸಾಗರದ ಭಾವ: ಹುಲಿಕಲ್ ಘಾಟಿಯಲ್ಲಿ ನಮ್ಮದೂ ಹಾಗೇ ಮಾಡುತ್ತದೆ. ನಾಳೆ ಕೀಳುತ್ತೇನೆ.

ನಾನು: ಭಾವ, ದಯವಿಟ್ಟು ಬೇಡ. ಆಕ್ಸಲರೇಟರ್ ಒತ್ತಿದಾಗ ನಾವು ತೆರೆಯುವುದು ಗಾಳಿಯ ದಾರಿಯನ್ನು. ಅಲ್ಲೊಂದು ಬಿಲ್ಲೆ ಇದೆ, ಅದೇ ಥ್ರಾಟಲ್. ಅದು ಎಷ್ಟು ತೆರೆದಿದೆ ಅಂತ ಸೆನ್ಸರ್ ಹೇಳುತ್ತದೆ. ಅದನ್ನೂ ನೋಡಿಕೊಂಡು ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಪೆಟ್ರೋಲ್ ಬಿಡುತ್ತದೆ. ಅಜ್ಜನ ರೇಡಿಯೋದ ವಾಲ್ಯೂಮ್ ತಿರುಪು ನೆನಪಿದೆಯಲ್ಲ? ಚಿಕ್ಕಪ್ಪನ ಗಾಡಿಯಲ್ಲಿರುವ ಸೆನ್ಸರ್ ಅದೇ ಜಾತಿ. 5 ವೋಲ್ಟ್ ಕೊಟ್ಟರೆ, ಬಿಲ್ಲೆ ಮುಚ್ಚಿದಾಗ ಸುಮಾರು 0.5, ಪೂರ್ತಿ ತೆರೆದಾಗ 4.5ರ ಹತ್ತಿರ ವಾಪಸ್ ಬರುತ್ತದೆ. ಒಳಗಿನ ಪಟ್ಟಿ ಸವೆದರೆ ರೇಡಿಯೋ ಕರಕರ ಅನ್ನುತ್ತಿತ್ತು. ಇಲ್ಲಿ ಗಾಡಿ ಜರ್ಕ್ ಹೊಡೆಯುತ್ತದೆ.

ತೀರ್ಥಹಳ್ಳಿ ಚಿಕ್ಕಪ್ಪ: ಹಾಗಾದರೆ ಕಿತ್ತ ಮೇಲೆ ನಿಂತಿದ್ದು ಹೇಗೆ ಮಾರಾಯ? ನಾನು ಸುಳ್ಳು ಹೇಳುತ್ತೇನಾ?

ನಾನು: ಖಂಡಿತ ಇಲ್ಲ. ಸೆನ್ಸರಿನಿಂದ ತಪ್ಪು ಸುದ್ದಿ ಬರುವುದು ನಿಂತಿತು. ಇಸಿಯು ಬೇರೆ ಸೆನ್ಸರ್ ನಂಬಿ ಅಂದಾಜಿನ ಮೇಲೆ ಓಡಿಸಿತು, ಅಷ್ಟೇ. ಇಂಜಿನ್ ಲೈಟ್ ಹತ್ತಿದೆ ಅಲ್ವಾ? ಪಿಕಪ್ ಹೇಗಿತ್ತು?

ತೀರ್ಥಹಳ್ಳಿ ಚಿಕ್ಕಪ್ಪ: ಲೈಟ್ ಹತ್ತಿದೆ. ಪಿಕಪ್ ಕಡಿಮೆಯೇ.

ನಾನು: ಭಾವನ ಗಾಡಿಯಲ್ಲಂತೂ ಆಕ್ಸಲರೇಟರ್ ಕೇಬಲ್ಲೇ ಇಲ್ಲ. ಬಿಲ್ಲೆ ತಿರುಗಿಸುವುದು ಮೋಟಾರು. ಅಲ್ಲಿ ಸೆನ್ಸರ್ ಎರಡು, ಒಂದು ಹೇಳಿದ್ದನ್ನು ಇನ್ನೊಂದರ ಜೊತೆ ಇಸಿಯು ತಾಳೆ ನೋಡುತ್ತದೆ. ಪ್ಲಗ್ ಕಿತ್ತರೆ ಮೋಟಾರಿಗೂ ಕರೆಂಟ್ ನಿಂತುಹೋಗುತ್ತದೆ. ಆಮೇಲೆ ಎಷ್ಟೇ ಒತ್ತಿದರೂ ಗಾಡಿ ತೆವಳುತ್ತದೆ. ಘಾಟಿಯ ತಿರುವಿನಲ್ಲಿ, ಹಿಂದೆ ಬಸ್ಸು ಇರುವಾಗ ಹೀಗಾದರೆ ಏನು ಮಾಡುತ್ತೀರಿ?

ಹೊಸನಗರದ ಅತ್ತೆ: ಹೊಸ ಸೆನ್ಸರ್ ಹಾಕಿಸಿದರೆ ಮುಗೀತಲ್ಲ. ಸುಮ್ನೆ ಯಾಕೆ ವಾದ?

ನಾನು: ಅತ್ತೆ, ಹೋದ ವರ್ಷ ನಾನು ಹಾಗೇ ಹಾಕಿಸಿ ದುಡ್ಡು ಕಳೆದುಕೊಂಡೆ. ಇಲಿ ವೈರ್ ಕಡಿದಿತ್ತು. ಗ್ಯಾರೇಜಿನವರು ನೋಡಿರಲೇ ಇಲ್ಲ. ನಮ್ಮ ಮಳೆಗೆ ಪ್ಲಗ್ಗಿನ ಪಿನ್ನೂ ಹಸಿರುಗಟ್ಟುತ್ತದೆ. ಮೊದಲು ಅದನ್ನು ನೋಡಬೇಕು. ಚಿಕ್ಕಪ್ಪ, ಪಂಪ್‌ಸೆಟ್ಟಿಗೆ ತಂದ, ವೋಲ್ಟ್ ಅಳೆಯುವ ಮೀಟರ್ ಇದೆಯಲ್ಲ? ಪ್ಲಗ್ ಹಾಕಿ. ಕೀ ಆನ್ ಮಾಡಿ, ಇಂಜಿನ್ ಬೇಡ. ಸಿಗ್ನಲ್ ವೈರಿಗೆ, ಅಂದರೆ ವೋಲ್ಟ್ ವಾಪಸ್ ಬರುವ ವೈರಿಗೆ, ಪ್ಲಗ್ಗಿನ ಹಿಂದಿನಿಂದ ಮೀಟರ್ ತಾಗಿಸಿ. ಯಾರಾದರೂ ನಿಧಾನವಾಗಿ ಆಕ್ಸಲರೇಟರ್ ಒತ್ತಲಿ. ವೋಲ್ಟ್ ಒಂದೇ ಸಮನೆ ಏರಬೇಕು.

ತೀರ್ಥಹಳ್ಳಿ ಚಿಕ್ಕಪ್ಪ: ನೋಡಿದೆ. ಪಿನ್ ಚೆನ್ನಾಗಿದೆ. ವೈರ್ ಚೆನ್ನಾಗಿದೆ. 1.2ರವರೆಗೆ ಏರಿತು, ಸೊನ್ನೆಗೆ ಬಿತ್ತು, ಮತ್ತೆ 1.6. ಮೂರು ಸಲವೂ ಅದೇ ಜಾಗ.

ನಾನು: ಹಾಗಾದರೆ ಪಟ್ಟಿಯೇ ಸವೆದಿದೆ. ದಿನಾ ಅರೆಬರೆ ಒತ್ತಿಕೊಂಡು ಓಡಿಸುತ್ತೇವಲ್ಲ, ಆ ಜಾಗವೇ ಜಾಸ್ತಿ ಸವೆಯುವುದು. ಈಗ ಹೊಸದು ಹಾಕಿಸಿ.

ತೀರ್ಥಹಳ್ಳಿ ಚಿಕ್ಕಪ್ಪ: ಸರಿ. ಅಲ್ಲಿಯವರೆಗೆ ಘಾಟಿಗೆ ಹೋಗುವುದಿಲ್ಲ. ಫಾರ್ವರ್ಡ್ ಅಳಿಸಿದ್ದೇನೆ. ಸಾಗರದ ಅಳಿಯಂದಿರೇ, ನೀವು ಕಿತ್ತಿಲ್ಲ ತಾನೇ?

ಸಾಗರದ ಭಾವ: ಇಲ್ಲ ಮಾವ. ಬಾನೆಟ್ಟೇ ಎತ್ತಿಲ್ಲ. ಆ ಮೀಟರ್ ಭಾನುವಾರ ನನಗೂ ಬೇಕು.