ಸಹಾಯ ಬೇಕು: ಫಿಲ್ಟರ್ ಪ್ರೆಸ್‌ನಲ್ಲಿ ಸ್ಲಡ್ಜ್ ಗಟ್ಟಿಯಾಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ತಾರಿಹಾಳದಲ್ಲಿ ಒಂದು ಸಣ್ಣ ಪ್ಲೇಟಿಂಗ್ (ಲೋಹಕ್ಕೆ ಲೇಪ ಹಾಕುವ) ಘಟಕದ ಇಟಿಪಿ, ಅಂದರೆ ಕೊಳೆನೀರು ಶುದ್ಧ ಮಾಡುವ ವ್ಯವಸ್ಥೆ, ನೋಡಿಕೊಳ್ಳುತ್ತೇನೆ. ಜಿಂಕ್ ತೊಳೆದ ನೀರಿಗೆ ಸುಣ್ಣ ಹಾಕಿ ಪಿಎಚ್ 9ರ ಹತ್ತಿರ ತಂದು, ಕೆಳಗೆ ಕೂತ ಸ್ಲಡ್ಜನ್ನು (ಗಸಿಯನ್ನು), ಬಟ್ಟೆ ಹೊದಿಸಿದ ಪ್ಲೇಟ್‌ಗಳ ನಡುವೆ ನೀರು ಹಿಂಡುವ ಫಿಲ್ಟರ್ ಪ್ರೆಸ್‌ಗೆ ಬಿಡುತ್ತೇವೆ.

ಹದಿನೈದು ದಿನಗಳಿಂದ ಕೇಕ್ (ನೀರು ಹಿಂಡಿದ ಮೇಲೆ ಉಳಿಯುವ ಗಸಿ) ಸರಿಯಾಗಿ ಬರುತ್ತಿಲ್ಲ. ಪ್ಲೇಟ್ ಬಿಚ್ಚಿದರೆ ಝುಣಕದ ವಡಿಯಂತೆ ಗಟ್ಟಿಯಾಗಿ ಬೀಳಬೇಕು, ಅಲ್ವಾ? ಈಗ ಅಂಚು ಮಾತ್ರ ಗಟ್ಟಿ, ನಡುವೆ ಅಂಬಲಿ. ಬಟ್ಟೆಗೆ ಅಂಟಿದ್ದನ್ನು ಹುಡುಗರು ಕೆರೆದು ಕೆರೆದು ಸಾಕಾಗಿದ್ದಾರೆ. ವಿಲೇವಾರಿಗೆ ತೂಕದ ಲೆಕ್ಕದಲ್ಲಿ ದುಡ್ಡು ಕೊಡಬೇಕು, ಸುಮ್ನೆ ನೀರಿಗೆ ಹಣ ಕಟ್ಟಿದ ಹಾಗಾಗಿದೆ. ಮಳೆಗಾಲ ಬೇರೆ, ಒಣಗಿಸೋಣ ಅಂದರೂ ಬಿಸಿಲಿಲ್ಲ.

ಗಸಿಯನ್ನು ಗಂಟು ಕಟ್ಟಿಸುವ ಪಾಲಿಮರ್ ಜಾಸ್ತಿ ಮಾಡಿ ನೋಡಿದೆ. ಲೋಳೆಯಾಗಿ ಬಟ್ಟೆ ಇನ್ನೂ ಕಟ್ಟಿತು. ಬೀಕರ್‌ನಲ್ಲಿ ಗಸಿ ಗಂಟುಗಂಟಾಗಿ ಚೆನ್ನಾಗಿ ಕೂಡುತ್ತದೆ, ಪಂಪ್ ದಾಟಿದ ಮೇಲೆ ಒಡೆದುಹೋಗುತ್ತದೆ. ನಮ್ಮದು ಸೆಂಟ್ರಿಫ್ಯೂಗಲ್ ಪಂಪ್. ನನಗೆ ಅದರ ಮೇಲೇ ಅನುಮಾನ. ಬಟ್ಟೆಯ ಸಂದಿಯಲ್ಲಿ ಸುಣ್ಣವೂ ಕೂತಿರಬಹುದು.

ಗಂಟು ಒಡೆಯದಂತೆ ಮೆಲ್ಲಗೆ ತಳ್ಳುವ ಸ್ಕ್ರೂ ಪಂಪ್ ಹಾಕಿಸಿದವರು ಇದ್ದೀರಾ? ಸುಣ್ಣ ಬಿಡಿಸಲು ಪಾಲಿಪ್ರೊಪಿಲಿನ್ ಬಟ್ಟೆಯನ್ನು ತೆಳು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಎಷ್ಟು ಹೊತ್ತು ನೆನೆಸುತ್ತೀರಿ? ಹುಬ್ಬಳ್ಳಿ-ಧಾರವಾಡದಲ್ಲಿ ಯಾರದಾದರೂ ಪ್ರೆಸ್ ಚೆನ್ನಾಗಿ ಓಡುತ್ತಿದ್ದರೆ ಹೇಳಿ, ನಾನೇ ಬಂದು ನೋಡುತ್ತೇನೆ.