ದೊಡ್ಡ ಸರೋವರಗಳ ದಡ: ಹಸಿರುಗಟ್ಟಿದ ನೀರು, ಸವೆಯುವ ಮಣ್ಣು

ಪ್ರಶ್ನೆ: ಮೇಡಂ, ನಾವಿರುವುದು ಅಮೆರಿಕದ ಟೊಲಿಡೊ ನಗರದಲ್ಲಿ. ಬೇಸಿಗೆಯ ಕೊನೆಗೆ ಈರಿ ಸರೋವರದ ನೀರು ಬಣ್ಣ ಕದಡಿದಂತೆ ಹಸಿರಾಗುತ್ತದೆ. ಮಕ್ಕಳನ್ನು ನೀರಿಗೆ ಬಿಡಬಹುದೇ? ಔಷಧಿ ಹಾಕಿ ಇದನ್ನು ನಿಲ್ಲಿಸಲಾಗದೇ?

ಉತ್ತರ: ಹಸಿರು ಕೆನೆಗಟ್ಟಿದ ನೀರಿಗೆ ಮಕ್ಕಳನ್ನಾಗಲಿ ನಾಯಿಯನ್ನಾಗಲಿ ದಯವಿಟ್ಟು ಬಿಡಬೇಡಿ. ಅದು ಸಾಮಾನ್ಯ ಪಾಚಿಯಲ್ಲ, ಮೈಕ್ರೊಸಿಸ್ಟಿಸ್ ಎಂಬ ಸಯನೊಬ್ಯಾಕ್ಟೀರಿಯಾ, ಅಂದರೆ ಪಾಚಿಯಂತೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾ; ಅದರ ವಿಷ ಯಕೃತ್ತನ್ನು ಕೆಡಿಸುತ್ತದೆ, ಕುದಿಸಿದರೂ ಹೋಗುವುದಿಲ್ಲ. 2014ರ ಆಗಸ್ಟ್‌ನಲ್ಲಿ ನಿಮ್ಮ ಊರಿನ ನಾಲ್ಕು ಲಕ್ಷ ಜನರಿಗೆ ನಲ್ಲಿ ನೀರು ಕುಡಿಯಬೇಡಿ ಎಂದು ಸಾರಬೇಕಾಗಿ ಬಂದದ್ದು ಇದರಿಂದಲೇ. ಔಷಧಿ ಹಾಕಿದರೆ ಜೀವಕೋಶಗಳು ಒಡೆದು, ಒಳಗಿದ್ದ ವಿಷವೆಲ್ಲ ನೀರಿಗೆ ಸೇರುತ್ತದೆ.

ಮೂಲವಿರುವುದು ಹೊಲಗಳಲ್ಲಿ. ಈ ಬ್ಯಾಕ್ಟೀರಿಯಾವನ್ನು ಕೊಬ್ಬಿಸುವ ಗೊಬ್ಬರದ ರಂಜಕವು (ಫಾಸ್ಫರಸ್) ಹೊಲದಡಿಯ ಬಸಿ ಕೊಳವೆಗಳಿಂದ ಮಾಮಿ ನದಿಗೆ, ಅಲ್ಲಿಂದ ಸರೋವರದ ಆಳವಿಲ್ಲದ ಪಶ್ಚಿಮ ಭಾಗಕ್ಕೆ ಬಂದು ಸೇರುತ್ತದೆ. ಒಂದು ಕಾಲಕ್ಕೆ ಆ ನೀರನ್ನು ಸೋಸುತ್ತಿದ್ದ ಗ್ರೇಟ್ ಬ್ಲ್ಯಾಕ್ ಸ್ವಾಂಪ್ ಎಂಬ ವಿಶಾಲ ಜೌಗನ್ನು 19ನೇ ಶತಮಾನದಲ್ಲಿ ಬತ್ತಿಸಿ ಹೊಲ ಮಾಡಲಾಯಿತು. ರಂಜಕವನ್ನು 2008ರ ಮಟ್ಟಕ್ಕಿಂತ ಶೇ. 40ರಷ್ಟು ತಗ್ಗಿಸುವ ಗುರಿಯನ್ನು ಅಮೆರಿಕ, ಕೆನಡಾ ಎರಡೂ ಒಪ್ಪಿವೆ. ಕಳೆದುಕೊಂಡ ಜೌಗಿನಲ್ಲಿ ಒಂದಿಷ್ಟನ್ನಾದರೂ ಮರಳಿ ಕಟ್ಟದೆ ಅದು ಕೈಗೂಡಲಾರದು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ (ಇನ್ನೊಬ್ಬರು): ನಮ್ಮ ಮನೆ ಒಂಟಾರಿಯೊ ಸರೋವರದ ದಡದಲ್ಲಿದೆ. ಅಲೆಗಳಿಗೆ ಮಣ್ಣು ಕೊಚ್ಚಿಹೋಗುತ್ತಿದೆ. ಕಾಂಕ್ರೀಟ್ ಗೋಡೆ ಕಟ್ಟಿಸಲೇ?

ಉತ್ತರ: ಮನೆಯ ಅಡಿಪಾಯಕ್ಕೆ ಅಪಾಯವಿಲ್ಲದಿದ್ದರೆ ಬೇಡ. ಗೋಡೆಗೆ ಬಡಿದ ಅಲೆ ಹಿಂದಿರುಗುವಾಗ ಬುಡದ ಮರಳನ್ನೇ ಎಳೆದೊಯ್ಯುತ್ತದೆ. ಪಕ್ಕದವರ ದಡ ಇನ್ನಷ್ಟು ಸವೆಯುತ್ತದೆ. ಮೀನುಗಳು ಮೊಟ್ಟೆಯಿಡುವ ತೆಳುನೀರಿನ ಅಂಚೂ ಇಲ್ಲವಾಗುತ್ತದೆ. ಇಳಿಜಾರಾದ ದಡದಲ್ಲಿ ನೀರು ವರ್ಷದಿಂದ ವರ್ಷಕ್ಕೆ ಏರಿಳಿಯುತ್ತಿದ್ದರೆ ಮಾತ್ರ ಜೌಗು ಬದುಕುತ್ತದೆ: ಏರಿದಾಗ ಪೊದೆಗಳು ಮುಳುಗಿ ಸಾಯುತ್ತವೆ, ಇಳಿದಾಗ ಕೆಸರಿನಲ್ಲಿ ಹುದುಗಿದ್ದ ಬೀಜಗಳು ಮೊಳೆಯುತ್ತವೆ. 1960ರಿಂದ ಸೇಂಟ್ ಲಾರೆನ್ಸ್ ನದಿಯ ಅಣೆಕಟ್ಟಿನ ಮೂಲಕ ಒಂಟಾರಿಯೊದ ಮಟ್ಟವನ್ನು ಹಿಡಿತದಲ್ಲಿಟ್ಟಾಗ ಆ ಏರಿಳಿತ ಕುಗ್ಗಿತು. ಬಗೆಬಗೆಯ ಹುಲ್ಲಿದ್ದ ಜಾಗವನ್ನು ಜೊಂಡು ಆಕ್ರಮಿಸಿತು. 2017ರ ಜನವರಿಯಲ್ಲಿ ಜಾರಿಯಾದ ನೀರಿನ ಮಟ್ಟ ನಿಯಂತ್ರಣದ ಹೊಸ ಯೋಜನೆ ಏರಿಳಿತಕ್ಕೆ ಸ್ವಲ್ಪ ಎಡೆಗೊಟ್ಟಿದೆ. ಅದೇ ವರ್ಷ ದಡದ ಮನೆಗಳಿಗೆ ನೀರು ನುಗ್ಗಿದಾಗ ಹಲವರು ಯೋಜನೆಯನ್ನೇ ದೂರಿದರು. ಅವರ ನೋವು ನಿಜ, ಆದರೆ ಮುಖ್ಯ ಕಾರಣ ಆ ವಸಂತದ ವಿಪರೀತ ಮಳೆ. ನಿಮ್ಮ ಅಂಗಳದ ಹುಲ್ಲನ್ನು ನೀರಿನಂಚಿನವರೆಗೂ ಕತ್ತರಿಸುವುದನ್ನು ನಿಲ್ಲಿಸಿ. ಅಲ್ಲಿಯದೇ ಆಳಬೇರಿನ ಹುಲ್ಲು, ಪೊದೆಗಳನ್ನು ಈ ವಸಂತದಲ್ಲೇ ನೆಡಿ.